ಟೀ ಕೊಟ್ಟವರ ಓಟು

ಬಾಗಿಲು ತಟ್ಟಿದಾಗ ಒಳಗೆ ಕರೆದು ಟೀ ಕೊಡುವವರು ನಮಗೆ ಓಟು ಹಾಕುವುದಿಲ್ಲ. ಇದು ಬೆರಿಲ್ ಎಂಟ್‌ವಿಸಲ್ ಕಂಡುಹಿಡಿದ ನಿಯಮ. ನಮಗೇ ಹಾಕುವವನು ಬಾಗಿಲನ್ನು ಅರ್ಧ ತೆರೆದು, "ನಮ್ದು ಗೊತ್ತಲ್ಲ ಬೆರಿಲ್, ಇಲ್ಲಿ ಯಾಕ್ ಟೈಮ್ ಹಾಳು ಮಾಡ್ತೀಯ, ಮುಂದಿನ್ ಮನೆ ನೋಡು ಹೋಗು" ಎಂದು ಮುಖದ ಮೇಲೇ ಬಾಗಿಲು ಹಾಕಿಕೊಳ್ಳುತ್ತಾನೆ. ಹಾಕದವನಿಗೆ ಒಳಗೊಳಗೇ ಮುಜುಗರ. ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ಅದಕ್ಕೇ "ಅಯ್ಯೋ, ಚಳೀಲಿ ನಿಂತಿದೀಯಲ್ಲ, ಒಳಗ್ ಬಾ, ಟೀ ಮಾಡ್ತೀನಿ" ಅನ್ನುತ್ತಾನೆ. ಟೀ ಜೊತೆಗೆ ಬಿಸ್ಕತ್ತನ್ನೂ ಇಟ್ಟರೆ ಮುಗಿದೇ ಹೋಯಿತು, ಆ ಮನೆಯ ಆಸೆ ಬಿಡಬೇಕು. "ನೋಡೋಣ" ಅಂದವರದ್ದೂ ಅಷ್ಟೇ.

ನಾನು ಸ್ಟಾನ್. ಆ ಕಾಲಕ್ಕೆ ಬ್ರಾಕ್ಸ್‌ಡೆನ್ ಊರಲ್ಲಿ ಬಸ್ಸು ಓಡಿಸುತ್ತಿದ್ದೆ, ಜೊತೆಗೆ ಪಕ್ಷದ ಸ್ಥಳೀಯ ಶಾಖೆಯ ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ಏನೋ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಮೀಟಿಂಗಿಗೆ ಬಂದ ಏಳು ಜನರಲ್ಲಿ ಬೇಡ ಅನ್ನಲು ಬಾಯಿ ಬಾರದವನ ಕುತ್ತಿಗೆಗೆ ಅದನ್ನು ಕಟ್ಟುತ್ತಾರೆ. ನನಗೆ ಮೀಟಿಂಗ್ ಅಂದರೆ ಮೈ ಉರಿಯುತ್ತದೆ. ಒಂದು ಗಂಟೆ ಹಿಂದಿನ ಮೀಟಿಂಗಿನ ವರದಿ, ಇನ್ನೊಂದು ಗಂಟೆ ಆ ವರದಿಯ ಮೇಲೆ ಜಗಳ. ಹದಿಮೂರು ವರ್ಷದಿಂದ ನಾವು ವಿರೋಧ ಪಕ್ಷ, ಮೂರು ಚುನಾವಣೆ ಸಾಲಾಗಿ ಸೋತವರು. ಸೋತವರ ಹತ್ತಿರ ಜಗಳಕ್ಕೆ ಬೇಕಾದಷ್ಟು ಸಮಯ ಇರುತ್ತದೆ. ಆ ಏಳು ಜನರಲ್ಲಿ ಜಗಳವಾಡದೆ ಕೆಲಸ ಮಾಡುತ್ತಿದ್ದವಳು ಬೆರಿಲ್ ಒಬ್ಬಳೇ.

ಆಕೆ ಇಪ್ಪತ್ತನಾಲ್ಕು ವರ್ಷ ಊರಿನ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದಳು. ಗಿಡ್ಡ, ದಪ್ಪ, ದೊಡ್ಡ ಗಂಟಲು. ಊರಿನ ಅರ್ಧ ಮತದಾರರಿಗೆ ಅವರು ಮಕ್ಕಳಾಗಿದ್ದಾಗ ಬೆರಿಲ್ ಊಟ ಬಡಿಸಿದ್ದಳು, ಹಾಗಾಗಿ ಅವರು ಈಗ ಎಷ್ಟೇ ದೊಡ್ಡವರಾಗಿ ಮೀಸೆ ಬಿಟ್ಟಿದ್ದರೂ ಆಕೆಯ ಮುಂದೆ ಸುಳ್ಳು ಹೇಳುವುದು ಕಷ್ಟ. ಒಮ್ಮೆ ಒಬ್ಬ ಮಾಂಸದಂಗಡಿಯವನು ಬಾಗಿಲಲ್ಲಿ ನಿಂತು "ಖಂಡಿತ ನಿಮಗೇ" ಅಂದ. ನಾನು ಟಿಕ್ ಹಾಕಲು ಹೋದೆ. ಬೆರಿಲ್ ಪೆನ್ಸಿಲು ಕಿತ್ತುಕೊಂಡಳು. "ಏಳನೇ ವಯಸ್ಸಲ್ಲೂ ಹೀಗೇ ಹೂಂ ಹೂಂ ಅಂದು ಬೇಯ್ಸಿದ ಕೋಸನ್ನ ಚಡ್ಡಿ ಜೇಬಿಗೆ ಹಾಕ್ಕೊಂಡೋನು ಕಣೋ ಇವ್ನು" ಎಂದು ಅಡ್ಡಗೆರೆ ಎಳೆದಳು.

ನಮ್ಮ ಪಟ್ಟಿಯಲ್ಲಿ ಮೂರೇ ಗುರುತು. ಟಿಕ್ ಅಂದರೆ ನಮ್ಮವರು, ಅಡ್ಡಗೆರೆ ಅಂದರೆ ಅವರ ಕಡೆಯವರು, ಮಿಕ್ಕವರಿಗೆ ಪ್ರಶ್ನೆ ಚಿಹ್ನೆ. ಓಟಿನ ದಿನ ಟಿಕ್ ಇದ್ದ ಮನೆಗಳಿಗೆ ಮಾತ್ರ ಹೋಗಿ, ನಡೆಯಲಾಗದವರನ್ನು ಕಾರಲ್ಲಿ ಕೂರಿಸಿ, ಗುಡ್ಡದ ಮೇಲಿನ ಶಾಲೆಗೆ ಕರೆದುಕೊಂಡು ಹೋಗಬೇಕು. ಓಟು ಹಾಕುವುದು ಅಲ್ಲೇ. ತಪ್ಪು ಮನೆಗೆ ಟಿಕ್ ಹಾಕಿದರೆ ಎದುರಾಳಿಯ ಓಟನ್ನು ನಮ್ಮದೇ ಕಾರಲ್ಲಿ ಹೊತ್ತುಕೊಂಡು ಹೋಗಿ ಪೆಟ್ಟಿಗೆಗೆ ಹಾಕಿಸಿದ ಹಾಗೆ. ಆದ್ದರಿಂದ ಪಟ್ಟಿ ಯಾರ ಕೈಯಲ್ಲಿದೆ ಅನ್ನುವುದು ಸಣ್ಣ ವಿಷಯವಲ್ಲ. ಮೇಲಿನ ಬೀದಿಗಳ ಪಟ್ಟಿ ಇಪ್ಪತ್ತೆರಡು ವರ್ಷದಿಂದ ಬೆರಿಲ್ ಕೈಯಲ್ಲಿತ್ತು. ಶಾಲೆಯ ಕೆಲಸದಿಂದ ನಿವೃತ್ತಿಯಾದ ಮೇಲಂತೂ ಆಕೆಗೆ ಅದೇ ಕೆಲಸ, ಅದೇ ಹೆಮ್ಮೆ.

ಗಂಡ ಹೆರಾಲ್ಡ್, ನಗರಸಭೆಯ ಬಡಗಿ. ಮಾತು ಕಡಿಮೆ. ಪಕ್ಷದ ವಿಷಯ ಬಂದರೆ ಇನ್ನೂ ಕಡಿಮೆ. ಹೆಂಡತಿ ಹಂಚಬೇಕಾದ ಕರಪತ್ರಗಳನ್ನು ಮಡಚಿ ಕೊಡುತ್ತಿದ್ದ, ಆಕೆ ಟೀ ಕೊಟ್ಟವರ ಕತೆ ಹೇಳಿದಾಗ ಊಟದ ತಟ್ಟೆಯ ಮೇಲೆ ಬಗ್ಗಿ ನಗುತ್ತಿದ್ದ. ಅವರಿದ್ದದ್ದು ರೋವನ್ ಬೀದಿಯ ಇಪ್ಪತ್ತೇಳನೇ ನಂಬರಿನ ನಗರಸಭೆಯ ಬಾಡಿಗೆ ಮನೆಯಲ್ಲಿ. ಆ ಕಡೆಯವರ ಸರ್ಕಾರ ಬಂದ ಮೇಲೆ, ಬಾಡಿಗೆಗಿದ್ದವರೇ ಇಂಥ ಮನೆಗಳನ್ನು ಕೊಂಡುಕೊಳ್ಳಬಹುದು ಅಂತ ಕಾನೂನು ಮಾಡಿದರು. ನಮ್ಮ ಪಕ್ಷ ಅದನ್ನು ಬಾಯಿ ಹರಿಯುವಷ್ಟು ಬೈದಿತು. ಬೆರಿಲ್ ಕೂಡ ಬೈದಳು. ಹೆರಾಲ್ಡ್ ಬೈಯಲಿಲ್ಲ, ಆರು ತಿಂಗಳು ಕಾದು ಅರ್ಜಿ ತಂದು ಮೇಜಿನ ಮೇಲಿಟ್ಟ. ಮನೆ ಅವರದಾಯಿತು. ಅವನು ಮಾಡಿದ ಮೊದಲ ಕೆಲಸ ಅಂದರೆ, ನಗರಸಭೆ ಕೊಟ್ಟಿದ್ದ ಬಾಗಿಲನ್ನು ಕಿತ್ತುಹಾಕಿ ತಾನೇ ಗಟ್ಟಿ ಮರದ ಬಾಗಿಲು ಮಾಡಿ, ಹಿತ್ತಾಳೆಯ ಹಿಡಿ ಹಾಕಿ ನಿಲ್ಲಿಸಿದ್ದು. ಬೀದಿಯಲ್ಲಿ ಅಷ್ಟು ಚೆಂದದ ಬಾಗಿಲು ಇನ್ನೊಂದಿರಲಿಲ್ಲ.

ಬೆರಿಲ್‌ಗೆ ಬಾಗಿಲಿನ ಬಗ್ಗೆಯೂ ಒಂದು ನಿಯಮವಿತ್ತು. ಮನೆ ಕೊಂಡು ಹೊಸ ಬಾಗಿಲು ಹಾಕಿಸಿದವರು ಸುಲಭಕ್ಕೆ ನಮ್ಮ ಕಡೆ ಉಳಿಯುವುದಿಲ್ಲ. ರೋವನ್ ಬೀದಿಯಲ್ಲಿ ಅಂಥ ಬಾಗಿಲು ಹನ್ನೆರಡು. ಹನ್ನೊಂದಕ್ಕೆ ಆಕೆ ಅಡ್ಡಗೆರೆಯನ್ನೋ ಪ್ರಶ್ನೆ ಚಿಹ್ನೆಯನ್ನೋ ಹಾಕಿದ್ದಳು. ಹನ್ನೆರಡನೆಯದು ಇಪ್ಪತ್ತೇಳನೇ ನಂಬರು. ಅದರ ಮುಂದೆ ಎರಡು ಟಿಕ್, ಇಪ್ಪತ್ತೆರಡು ವರ್ಷದಿಂದ. ನಮಗೆ ಯಾರಿಗೂ ಇದು ಹೊಳೆಯಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ನನಗೆ ಹೊಳೆದಿತ್ತು. ಹೇಳಲು ಧೈರ್ಯ ಇರಲಿಲ್ಲ.

ಚುನಾವಣೆ ಘೋಷಣೆಯಾದ ವಾರವೇ ಲಂಡನ್ನಿನ ಕಚೇರಿಯಿಂದ ಫಿಲಿಪ್ಪಾ ಎಂಬಾಕೆ ಬಂದಳು. ಮೂವತ್ತೈದರ ಆಸುಪಾಸು, ಇಸ್ತ್ರಿ ಕೆಡದ ಬೂದು ಸೂಟು. ಕೆಲಸಗಾರರ ಕ್ಲಬ್ಬಿನ ಮಹಡಿಯಲ್ಲಿ ನಮ್ಮನ್ನು ಕೂರಿಸಿ ಪಾಠ ಮಾಡಿದಳು.

"ಜನ ನಮ್ಮನ್ನ ದ್ವೇಷ ಮಾಡ್ತಾರೆ ಅಂತ ನೀವಂದ್ಕೊಂಡಿದೀರಿ. ಹಾಗೇನಿಲ್ಲ. ನಮ್ಮ ಕೈಗೆ ದೇಶ ಕೊಡೋಕೆ ಹೆದರ್ತಾರೆ, ಅಷ್ಟೇ. ಆ ಹೆದರಿಕೆ ಹೋಗೋ ಥರ ನಾವು ಕಾಣ್ಬೇಕು" ಅಂದಳು.

ಕಾಣುವುದು ಅಂದರೆ ಏನೇನು ಅಂತ ಆಮೇಲೆ ಗೊತ್ತಾಯಿತು. ಒಬ್ಬರನ್ನೊಬ್ಬರು ಸಂಗಾತಿ ಅನ್ನಬಾರದು. ಮುಷ್ಕರದ ಹಳೆಯ ಕತೆ ತೆಗೆಯಬಾರದು. ಬಾಗಿಲಲ್ಲಿ ವಾದ ಮಾಡಬಾರದು. ಗಡ್ಡ ಕತ್ತರಿಸಿಕೊಳ್ಳಬೇಕು, ಇದು ನನಗೆ. ಕೊನೆಗೆ ಆಕೆಯ ಕಣ್ಣು ಬೆರಿಲ್‌ಳ ಮಳೆಕೋಟಿನ ಮೇಲೆ ಬಿತ್ತು. ಆ ಕೋಟಿನ ಮೇಲೆ ಬ್ಯಾಡ್ಜುಗಳು, ಗಣಿ ಉಳಿಸಿ, ಆಸ್ಪತ್ರೆ ಉಳಿಸಿ, ಗ್ರಂಥಾಲಯ ಉಳಿಸಿ, ಕನಿಷ್ಠ ಮೂವತ್ತು. ಅವುಗಳಲ್ಲಿ ಒಂದನ್ನೂ ನಾವು ಉಳಿಸಿರಲಿಲ್ಲ.

"ಬೆರಿಲ್ ಅವರೇ, ತಪ್ಪು ತಿಳ್ಕೋಬೇಡಿ, ಈ ಕೋಟು..."

"ಈ ಕೋಟು ಏನ್ ಮಾಡ್ತಮ್ಮ ನಿಂಗೆ?"

"ಏನೂ ಮಾಡಿಲ್ಲ. ಹದಿಮೂರು ವರ್ಷದಿಂದ ಅದು ಏನೂ ಮಾಡಿಲ್ಲ, ಅದೇ ನನ್ ಕಷ್ಟ."

ಬೆರಿಲ್ ಸ್ವಲ್ಪ ಹೊತ್ತು ಫಿಲಿಪ್ಪಾಳ ಮುಖ ನೋಡಿದಳು, ಆಮೇಲೆ ಗಂಟಲು ಬಿಟ್ಟು ನಕ್ಕಳು. ಆ ಶನಿವಾರ ಮಾರ್ಕೆಟ್ಟಿಗೆ ಹೋಗಿ ಗೋಧಿ ಬಣ್ಣದ ಉಣ್ಣೆ ಕೋಟು ಕೊಂಡಳು. ಹೆರಾಲ್ಡ್ ಆಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈಗ ಪರ್ವಾಗಿಲ್ಲ, ಬಾಗ್ಲು ತೆಗೀಬಹ್ದು ಅನ್ನಿಸೋ ಹಾಗಿದೀಯ" ಅಂದನಂತೆ. ಬೆರಿಲ್ ಇದನ್ನು ನನಗೆ ತಮಾಷೆಯಾಗಿ ಹೇಳಿದಳು. ತಾನು ಹೇಳುತ್ತಿರುವುದು ಏನು ಅಂತ ಆಕೆಗೇ ಗೊತ್ತಿರಲಿಲ್ಲ.

ಕೋಟಿನ ವಿಷಯ ಹೀಗೆ ಸುಲಭದಲ್ಲಿ ಮುಗಿಯಿತು. ಪಟ್ಟಿಯ ವಿಷಯ ಮುಗಿಯಲಿಲ್ಲ. ಫಿಲಿಪ್ಪಾ ಕೆಳಗಿನ ಬೀದಿಗಳಿಗೆ ತನ್ನ ಹೊಸ ಕಾರ್ಯಕರ್ತರನ್ನು ಕಳಿಸಿದಳು. ಅವರು ಸಂಜೆ ಬಂದು ನೂರಕ್ಕೆ ಐವತ್ತೆಂಟು ನಮ್ಮವರು ಅಂದರು. ಅದೇ ಥರದ ಮನೆಗಳು, ಅದೇ ಥರದ ಜನ ಇದ್ದ ಮೇಲಿನ ಬೀದಿಗಳಲ್ಲಿ ಬೆರಿಲ್ ಲೆಕ್ಕ ನೂರಕ್ಕೆ ನಲವತ್ತೊಂದು.

"ಒಬ್ರು ಒಳಗ್ ಕರ್ದು, ಇಪ್ಪತ್ತು ನಿಮಿಷ ಮಾತಾಡ್ಸಿ, ಟೀ ಕೊಟ್ರೆ ಅದು ಒಲವು. ಅದನ್ನ ಟಿಕ್ ಅಂತಾನೇ ಹಾಕ್ಬೇಕು" ಅಂದಳು ಫಿಲಿಪ್ಪಾ.

"ಒಲವಲ್ಲ ಕಣಮ್ಮ ಅದು, ಪಶ್ಚಾತ್ತಾಪ" ಅಂದಳು ಬೆರಿಲ್.

"ಸೋಲ್ತೀವಿ ಅಂತ ಮೊದಲೇ ಬರ್ದಿಟ್ಕೊಂಡು ಬಾಗ್ಲು ತಟ್ಟಿದ್ರೆ ಅದು ಮುಖದ ಮೇಲೇ ಕಾಣತ್ತೆ. ಗೆಲ್ಲೋ ಪಕ್ಷ ಅಂತ ನಮಗೇ ನಂಬಿಕೆ ಇಲ್ಲದಿದ್ರೆ ಜನಕ್ಕೆ ಎಲ್ಲಿಂದ ಬರತ್ತೆ? ನೋಡಿ, ನಿಮ್ ಮೇಲೆ ಗೌರವ ಇದೆ. ಆದ್ರೆ ಮೇಲಿನ ಬೀದಿಗಳ ಪಟ್ಟೀನ ನಾನು ಬೇರೆಯವರಿಗೆ ಕೊಡ್ತೀನಿ."

ನಾನು ಕಾರ್ಯದರ್ಶಿ, ಏನಾದರೂ ಹೇಳಬೇಕಿತ್ತು, ಕತ್ತರಿಸಿದ ಗಡ್ಡ ಕೆರೆದುಕೊಂಡು ಕೂತೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ. ಬೆರಿಲ್ ಮಾತ್ರ ಎದ್ದು ಪಟ್ಟಿಯನ್ನು ಫಿಲಿಪ್ಪಾಳ ಮುಂದಿಟ್ಟಳು.

"ಒಂದೊಂದ್ ಗುರುತನ್ನೂ ಕೇಳು. ಯಾವತ್ತು ಹೋದೆ, ಯಾರು ಬಾಗ್ಲು ತೆಗೆದ್ರು, ಏನಂದ್ರು, ಎಲ್ಲಾ ಹೇಳ್ತೀನಿ. ಒಂದು ತಪ್ಪು ಸಿಕ್ರೂ ಪಟ್ಟಿ ತಗೊಂಡು ಹೋಗು."

ಫಿಲಿಪ್ಪಾ ಕೇಳಿದಳು. ಒಂಬತ್ತನೇ ನಂಬರು, ಹದಿನಾಲ್ಕು, ಇಪ್ಪತ್ತೆರಡು. ಬೆರಿಲ್ ತಾರೀಕಿನ ಸಮೇತ ಹೇಳುತ್ತಾ ಹೋದಳು. ಫಿಲಿಪ್ಪಾಳ ಬೆರಳು ಒಂದು ಕಡೆ ನಿಂತಿತು.

"ಇಪ್ಪತ್ತೇಳು. ಎರಡು ಟಿಕ್ ಇದೆ, ತಾರೀಕಿಲ್ಲ. ಯಾವತ್ತು ಕೇಳಿದ್ರಿ?"

"ಅದು ನಮ್ ಮನೆ."

"ಅಂದ್ರೆ ಕೇಳಿಲ್ಲ."

ಮಿಕ್ಕವರೆಲ್ಲ ಗೊಳ್ಳೆಂದು ನಕ್ಕರು. ಫಿಲಿಪ್ಪಾ ಕೂಡ ನಕ್ಕಳು, ಆಕೆಗೂ ಅದು ತಮಾಷೆಯೇ. ಬೆರಿಲ್ ನಗಲಿಲ್ಲ. ಪಟ್ಟಿಯನ್ನು ಮಡಚಿ ಹೊಸ ಕೋಟಿನ ಜೇಬಿಗೆ ಹಾಕಿಕೊಂಡು, "ಕೇಳ್ತೀನಿ. ಕೇಳದೆ ಗುರುತು ಹಾಕೋ ಹಾಗಿಲ್ಲ, ಇನ್ಮೇಲೆ ಇದೇ ನಿಯಮ" ಅಂದಳು.

ಮರುದಿನ ಮಧ್ಯಾಹ್ನ ನಾವಿಬ್ಬರೂ ರೋವನ್ ಬೀದಿಗೆ ಹೋದೆವು, ಆಕೆ ಒಂದು ಸಾಲು, ನಾನು ಇನ್ನೊಂದು ಸಾಲು. ಇಪ್ಪತ್ತೇಳರ ಗೇಟಿನ ಹತ್ತಿರ ಬಂದಾಗ ಆಕೆ ಎದೆಯ ಮೇಲಿನ ಪಕ್ಷದ ರಿಬ್ಬನ್ ಹೂವನ್ನು ನೆಟ್ಟಗೆ ಮಾಡಿಕೊಂಡದ್ದು ನೋಡಿ ನಾನೂ ರಸ್ತೆ ದಾಟಿ ಬಂದೆ. ನಮ್ಮ ಬೀದಿಗಳಲ್ಲಿ ಮನೆಯವರು ಮುಂಬಾಗಿಲು ಉಪಯೋಗಿಸುವುದಿಲ್ಲ. ಓಡಾಟವೆಲ್ಲ ಅಡುಗೆಮನೆಯ ಹಿಂಬಾಗಿಲಿಂದ. ಮುಂಬಾಗಿಲು ಡಾಕ್ಟರಿಗೆ, ಪಾದ್ರಿಗೆ, ಹೆಣಕ್ಕೆ, ಮತ್ತೆ ಓಟು ಕೇಳುವ ನಮ್ಮಂಥವರಿಗೆ. ತನ್ನ ಗಂಡ ಮಾಡಿದ ಆ ಬಾಗಿಲನ್ನು ಬೆರಿಲ್ ಹೊರಗಿನಿಂದ ತಟ್ಟಿದ್ದು ಅದೇ ಮೊದಲು.

ಒಳಗೆ ಚಿಲಕ ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮಂಡಿ ನೋವಿನ ಕಾಲು ಎಳೆದುಕೊಂಡು ಬಂದು ಬಾಗಿಲು ತೆರೆದ ಹೆರಾಲ್ಡ್ ಹೆಂಡತಿಯನ್ನು ನೋಡಿದ.

"ಬೀಗದ ಕೈ ಮರ್ತ್ಯಾ?"

"ಇಲ್ಲ. ನಮಸ್ಕಾರ, ಮಿಸ್ಟರ್ ಎಂಟ್‌ವಿಸಲ್. ನಾನು ಪಕ್ಷದ ಕಡೆಯಿಂದ ಬಂದಿದೀನಿ. ಒಂಬತ್ನೇ ತಾರೀಕು ಚುನಾವಣೆ ಇದೆ..."

"ಬೆರಿಲ್, ಹಿಂದ್ಗಡೆಯಿಂದ ಬಾರೆ. ಒಲೆ ಮೇಲೆ ಆಲೂಗಡ್ಡೆ ಇದೆ."

"ಉತ್ರ ಹೇಳಿ ಆಮೇಲೆ ಆಲೂಗಡ್ಡೆ ನೋಡ್ಕೊ. ಈ ಸಲ ನಮ್ಮ ಅಭ್ಯರ್ಥಿಗೆ ನಿಮ್ಮ ಓಟಿದೆ ಅಂತ ನಂಬ್ಕೋಬಹುದಾ?"

ಹೆರಾಲ್ಡ್ ನಗಲು ಹೋದ. ಆಕೆಯ ಕೈಯಲ್ಲಿ ಪಟ್ಟಿ, ಪೆನ್ಸಿಲು ನೋಡಿ ನಗು ನಿಂತಿತು. ನನ್ನ ಕಡೆ ನೋಡಿದ. ನಾನು ಬೇಲಿ ನೋಡಿದೆ. ಅವನ ಹೆಬ್ಬೆರಳು ಬಾಗಿಲಿನ ಅಂಚನ್ನು ಮೇಲಿಂದ ಕೆಳಕ್ಕೆ ಸವರುತ್ತಿತ್ತು, ಉಳಿ ಹೊಡೆದ ಮೇಲೆ ಬಡಗಿಗಳು ಸವರಿ ನೋಡುತ್ತಾರಲ್ಲ, ಹಾಗೆ. ಹೂಂ ಅಂದುಬಿಟ್ಟಿದ್ದರೆ ಆಕೆ ನಂಬುತ್ತಿದ್ದಳು. ಮೂವತ್ತೆಂಟು ವರ್ಷದ ದಾಂಪತ್ಯ, ನಂಬದೆ ಏನು.

"ಚಳಿ ಇದೆ. ಒಳಗ್ ಬಾ" ಅಂದ ಹೆರಾಲ್ಡ್. "ಟೀ ಮಾಡ್ತೀನಿ."

ಟೀ ಕತೆಯನ್ನು ಊಟದ ಮೇಜಿನಲ್ಲಿ ನೂರು ಸಲ ಕೇಳಿ ನಕ್ಕವನು ಅವನು. ಆ ಮಾತಿಗೆ ಏನರ್ಥ ಅಂತ ಅವನಿಗೆ ಗೊತ್ತಿತ್ತು. ಆಕೆಗೆ ಗೊತ್ತಿರುವುದೂ ಗೊತ್ತಿತ್ತು.

ಬೆರಿಲ್ ಅಲ್ಲಾಡಲಿಲ್ಲ. ನಿಂತಲ್ಲೇ ಕೇಳಿದಳು, "ಬಿಸ್ಕತ್ತೂ ಇದ್ಯಾ?"

"ಇದೆ" ಅಂದ ಹೆರಾಲ್ಡ್.

ಆಕೆ ಪಟ್ಟಿಯನ್ನು ಆ ಬಾಗಿಲಿಗೇ ಒತ್ತಿ ಹಿಡಿದು, ಒಂದು ಟಿಕ್ ಅಳಿಸಿ, ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದಳು. "ಸ್ಟಾನ್, ಈ ಸಾಲಿನ ಮಿಕ್ಕ ಮನೆಗಳ್ನೂ ನೀನೇ ನೋಡ್ಕೊ" ಎಂದು ಹೇಳಿ ಮುಂಬಾಗಿಲಿಂದಲೇ ಒಳಗೆ ಹೋದಳು. ನನಗೆ ಅವತ್ತು ಇನ್ನೊಂದು ಮನೆಯ ಬಾಗಿಲು ತಟ್ಟಲು ಮನಸ್ಸಾಗಲಿಲ್ಲ.

ಒಳಗೆ ನಡೆದದ್ದನ್ನು ಆಕೆ ಎಷ್ಟೋ ದಿನ ಕಳೆದ ಮೇಲೆ ಹೇಳಿದಳು. ಆಲೂಗಡ್ಡೆ ಸೀದು ಹೋಗಿತ್ತು. ಬೆರಿಲ್ ಕೋಟು ತೆಗೆಯದೆ ಕೂತು "ಯಾವಾಗಿಂದ?" ಅಂದಳು.

"ಎಪ್ಪತ್ತೊಂಬತ್ತರಿಂದ."

"ಮೂರು ಸಲಾನೂ?"

"ಎಂಬತ್ಮೂರಲ್ಲಿ ಮನೇಲೇ ಇದ್ದೆ."

"ಸೊಂಟ ನೋವು ಅಂದಿದ್ಯಲ್ಲ."

"ಸೊಂಟಾನೂ ನೋಯ್ತಿತ್ತು."

ಆಮೇಲೆ ಹೆರಾಲ್ಡ್ ಒಂದೇ ಉಸಿರಿಗೆ, ಬಹುಶಃ ಅವನ ಜೀವನದಲ್ಲೇ ಅತ್ಯಂತ ಉದ್ದವಾದ ಮಾತು ಆಡಿದ. "ನಿಮ್ಮವರು ಕೆಟ್ಟೋರು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ ಕಣೆ. ನಂಗೇನಾದ್ರೂ ಆದ್ರೆ ಮೊದ್ಲು ಓಡ್ಬರೋರು ಅವ್ರೇ. ಆದ್ರೆ ಮೂರ್ ಜನ ಬಡಗಿಗಳು ಬಂದು, ನನ್ ಮನೆ ಬಾಗ್ಲಲ್ಲೇ ನಿಂತು ಅಳತೆ ವಿಷ್ಯಕ್ಕೆ ಕಿತ್ತಾಡ್ತಾ ಇದ್ರೆ, ಅವ್ರು ಎಷ್ಟ್ ಒಳ್ಳೆ ಕೆಲ್ಸಗಾರ್ರಾದ್ರೂ ಗರಗಸ ಕೊಟ್ಟು ಒಳಗ್ ಬಿಡಕ್ಕೆ ಆಗತ್ತಾ? ನಿಂಗೆ ಕೊಡು ಅಂದ್ರೆ ಇಡೀ ದೇಶ ಕೊಡ್ತೀನಿ. ಅವ್ರಿಗೆ ಕೊಡಕ್ಕೆ ಭಯ."

ಬೆರಿಲ್‌ಗೆ ನೋವಾದದ್ದು ಓಟಿಗಲ್ಲ. ಇಪ್ಪತ್ತೆರಡು ವರ್ಷ ಊರಿನ ಪ್ರತಿ ಮುಖವನ್ನೂ ಓದಿದವಳು ಎದುರಿಗೆ ಕೂತು ಊಟ ಮಾಡುವವನ ಮುಖ ಓದಿರಲಿಲ್ಲ ಅನ್ನುವುದಕ್ಕೆ. ನಾಲ್ಕು ದಿನ ಗಂಡನ ಹತ್ತಿರ ಉಪ್ಪು ಕೊಡು, ದೀಪ ಆರಿಸು ಅನ್ನುವಷ್ಟೇ ಮಾತಾಡಿದಳು. ನಾಲ್ಕು ದಿನವೂ ರಾತ್ರಿ ಊಟಕ್ಕೆ ಬೇಯಿಸಿದ ಕೋಸು. ಹೆರಾಲ್ಡ್ ಎಲ್ಲವನ್ನೂ ಪೂರ್ತಿ ತಿಂದ.

ಐದನೇ ದಿನ ಕ್ಲಬ್ಬಿನ ಮಹಡಿಯಲ್ಲಿ ಆಕೆ ಪಟ್ಟಿಯನ್ನು ಫಿಲಿಪ್ಪಾಳ ಮುಂದೆ ಇಟ್ಟಳು. "ಒಂದ್ ತಪ್ಪು ಸಿಕ್ತು. ಸರಿ ಮಾಡಿದೀನಿ. ಮಾತ್ ಕೊಟ್ಟಿದ್ದೆ, ತಗೊಂಡು ಹೋಗು."

ಫಿಲಿಪ್ಪಾ ಇಪ್ಪತ್ತೇಳನೇ ನಂಬರಿನ ಅಡ್ಡಗೆರೆ ನೋಡಿದಳು, ಅದರ ಕೆಳಗೆ ಅಳಿಸಿದ ಟಿಕ್‌ನ ಗುರುತೂ ಕಾಣುತ್ತಿತ್ತು. ಪಟ್ಟಿಯನ್ನು ವಾಪಸ್ ತಳ್ಳಿದಳು. "ಮೇಲಿನ ಬೀದಿಗಳು ನಿಮ್ ಹತ್ರಾನೇ ಇರ್ಲಿ. ಕೆಳಗಿನವು ನನ್ ಲೆಕ್ಕದ ಪ್ರಕಾರ ನಡೀಲಿ. ನೋಡೋಣ."

"ನೋಡೋಣ" ಅಂದಳು ಬೆರಿಲ್ ಕೂಡ. ಆ ಮಾತನ್ನು ಇಬ್ಬರೂ ಯಾವ ಅರ್ಥದಲ್ಲಿ ಅಂದರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಓಟಿನ ದಿನ ನಾನು ರಜೆ ಹಾಕಿ, ನನ್ನ ಸ್ವಂತ ಕಾರಿನ ಮೇಲೆ ನಮ್ಮ ಅಭ್ಯರ್ಥಿಯ ಪೋಸ್ಟರು ಅಂಟಿಸಿಕೊಂಡು ಬೆಳಿಗ್ಗೆ ಏಳಕ್ಕೇ ಹೊರಟೆ. ಫಿಲಿಪ್ಪಾಳ ಪಟ್ಟಿಯಲ್ಲಿ ಮೊದಲ ಹೆಸರು ಕೆಳಗಿನ ಬೀದಿಯ ಮಿಸೆಸ್ ಹೋಲ್ಡನ್, ಎಂಬತ್ತೊಂದು ವರ್ಷ, ಹೆಸರಿನ ಮುಂದೆ ದಪ್ಪ ಟಿಕ್. ಆಕೆ ತುಪ್ಪಳದ ಟೋಪಿ ಹಾಕಿಕೊಂಡು ಕಾಯುತ್ತಿದ್ದಳು. ಕೈಹಿಡಿದು ಮೆಟ್ಟಿಲು ಇಳಿಸಿ ಕಾರಲ್ಲಿ ಕೂರಿಸಿದೆ, ಗುಡ್ಡ ಹತ್ತಿಸಿದೆ, ಶಾಲೆಯ ಬಾಗಿಲವರೆಗೆ ನಡೆಸಿಕೊಂಡು ಹೋದೆ. ವಾಪಸ್ ಬರುವಾಗ ಆಕೆ ನನ್ನ ತೋಳು ತಟ್ಟಿದಳು.

"ನಿಮ್ ಪಕ್ಷದವ್ರು ತುಂಬಾ ಒಳ್ಳೇವ್ರು ಕಣಪ್ಪ. ಪ್ರತಿ ಸಲಾನೂ ಕರ್ಕೊಂಡ್ ಬರ್ತೀರಿ. ನಮ್ಮವ್ರು ಒಂದಿನಾನೂ ಕಾರ್ ಕಳಿಸ್ಲಿಲ್ಲ ನೋಡು."

"ನಮ್ಮವ್ರು ಅಂದ್ರೆ?" ಅಂದೆ.

ಆಕೆ ಆ ಕಡೆಯವರ ಹೆಸರು ಹೇಳಿ, ಸಂಜೆ ಬಿಡುವಾದರೆ ಟೀಗೆ ಬಾ ಅಂದಳು. ಕೆಳಗಿನ ಬೀದಿಗಳಲ್ಲಿ ಅವತ್ತು ಇಂಥ ಟಿಕ್‌ಗಳು ನನಗೆ ಐದು ಸಿಕ್ಕವು.

ಸಂಜೆ ನಾಲ್ಕರ ಹೊತ್ತಿಗೆ ಬೆರಿಲ್ ಕಾರಿನ ಕಿಟಕಿ ತಟ್ಟಿದಳು. "ಸ್ಟಾನ್, ಇಪ್ಪತ್ತೇಳಕ್ಕೆ ನಡಿ."

"ಅಲ್ಲಿ ಅಡ್ಡಗೆರೆ ಇದ್ಯಲ್ಲೇ."

"ಇದೆ. ಆ ಮಂಡೀಲಿ ಗುಡ್ಡ ಹತ್ತಿದ್ರೆ ಒಂದ್ ವಾರ ಮೇಲೇಳಲ್ಲ. ಆಮೇಲೆ ಬಚ್ಚಲಿಗೆ ಕರ್ಕೊಂಡ್ ಹೋಗೋಳು ನಾನು ತಾನೆ? ನಡಿ."

ಹೆರಾಲ್ಡ್ ನಮ್ಮ ಪೋಸ್ಟರು ನೋಡಿ, "ಈ ಕಾರಲ್ಲಿ ಹೋಗೋದು ಸರಿ ಅಲ್ಲ" ಅಂದ. ಬೆರಿಲ್ "ಸುಮ್ನೆ ಕೂತ್ಕೊ" ಅಂದಳು. ಶಾಲೆಯ ಮುಂದೆ ಆಕೆ ಅವನ ಕೋಟಿನ ಕಾಲರ್ ಸರಿಮಾಡಿ ಒಳಗೆ ಕಳಿಸಿದಳು. ಬಂದ ಮೇಲೆ ಏನು ಮಾಡಿದೆ ಅಂತ ಕೇಳಲಿಲ್ಲ.

ಸೋತೆವು. ದೇಶದಲ್ಲೂ ಸೋತೆವು, ಬ್ರಾಕ್ಸ್‌ಡೆನ್‌ನಲ್ಲೂ ಸೋತೆವು, ಗೆದ್ದೇ ಬಿಟ್ಟೆವು ಅಂತ ಸಮೀಕ್ಷೆಗಳೆಲ್ಲ ಹೇಳಿದ ಮೇಲೂ. ಎಣಿಕೆಯವರು ಪೆಟ್ಟಿಗೆ ಸುರಿದಾಗ ನಾನು ಮೇಜಿನ ಈಚೆ ಕೂತು ಕಣ್ಣಳತೆಯಲ್ಲೇ ಲೆಕ್ಕ ಹಾಕಿದ್ದೆ. ಮೇಲಿನ ಬೀದಿಗಳ ಪೆಟ್ಟಿಗೆಯಲ್ಲಿ ನಮ್ಮವು ನೂರಕ್ಕೆ ನಲವತ್ತು ಚಿಲ್ಲರೆ. ಕೆಳಗಿನವೂ ಅಷ್ಟೇ. ವಾರ ಕಳೆದು ಫಿಲಿಪ್ಪಾ ಲಂಡನ್ನಿನಿಂದ ಪತ್ರ ಬರೆದಳು, ನಿಮ್ಮ ವಿಧಾನವನ್ನು ವಿವರವಾಗಿ ಬರೆದು ಕಳಿಸಿ, ಎಲ್ಲಾ ಕಡೆ ಕಲಿಸುತ್ತೇವೆ ಅಂತ. ಬೆರಿಲ್ ಒಂದು ಕಾರ್ಡಿನ ಮೇಲೆ "ಟೀ ಕೊಟ್ಟರೆ ಅಡ್ಡಗೆರೆ" ಎಂದಷ್ಟೇ ಬರೆದು ಅಂಚೆಗೆ ಹಾಕಿದಳು.

ಆಮೇಲೆ ಐದು ವರ್ಷ. ಪಕ್ಷ ನಿಜವಾಗಿಯೂ ಬದಲಾಯಿತು. ಹೊಸ ನಾಯಕರು ಬಂದರು, ಬಾಗಿಲಲ್ಲಿ ಕಿತ್ತಾಡುವುದು ನಿಂತಿತು. ನಿಂತದ್ದು ಹೇಗೆ ಅಂದರೆ, ಕಿತ್ತಾಡುವವರಿಗೆ ಮೈಕು ಕೊಡುವುದನ್ನು ನಿಲ್ಲಿಸಿದರು. ಮನೆ ಕೊಳ್ಳುವುದನ್ನು ಬೈಯುವುದಂತೂ ಯಾವಾಗಲೋ ಬಿಟ್ಟಾಗಿತ್ತು. ಸದಸ್ಯತ್ವದ ಚೀಟಿಯ ಹಿಂದೆ ಅಚ್ಚಾಗುತ್ತಿದ್ದ, ಗಣಿ ಕಾರ್ಖಾನೆಗಳೆಲ್ಲ ದುಡಿಯುವ ಜನರದ್ದೇ ಆಗಬೇಕು ಅನ್ನುವ ಹಳೆಯ ಪ್ರತಿಜ್ಞೆಯನ್ನು ತೆಗೆದು ಬೇರೆ ಏನೋ ಮೆತ್ತಗಿನ ಮಾತು ಹಾಕಿದರು. ಬೆರಿಲ್‌ಗೆ ಆ ಹಳೆಯದು ಬಾಯಿಪಾಠ. ಹಳೇ ಚೀಟಿಯನ್ನು ಏನು ಮಾಡಿದೆ ಅಂತ ಕೇಳಿದೆ.

"ಟೀ ಡಬ್ಬೀಲಿ ಇಟ್ಟಿದೀನಿ. ದಿನಾ ಕೈಗೆ ಸಿಗತ್ತೆ" ಅಂದಳು. "ಸ್ಟಾನ್, ಇವ್ರನ್ನ ನೋಡಿದ್ರೆ ನಂಗೂ ಈಗ ದೇಶ ಕೊಡ್ಬಹುದು ಅನ್ಸತ್ತೆ. ಇವ್ರು ಯಾರು ಅಂತ ಮಾತ್ರ ಗೊತ್ತಾಗಲ್ಲ."

ಹಾಗಂತ ಕೆಲಸ ಬಿಡಲಿಲ್ಲ. ಮುಂದಿನ ಚುನಾವಣೆಯ ವಸಂತದಲ್ಲಿ, ಅರವತ್ತೆಂಟನೇ ವಯಸ್ಸಿನಲ್ಲಿ, ಅದೇ ಗೋಧಿ ಬಣ್ಣದ ಕೋಟು ಹಾಕಿಕೊಂಡು, ಅದೇ ಪೆನ್ಸಿಲು ಹಿಡಿದು ಹೊರಟಳು. ಕೋಟಿನ ಮೊಣಕೈ ಸವೆದಿತ್ತು. ಈ ಸಲ ಜನ ಟೀಗೆ ಕರೆಯಲಿಲ್ಲ. ಬೀದಿಯುದ್ದಕ್ಕೂ ಒಂದರ ಹಿಂದೆ ಒಂದು ಬಾಗಿಲು ನಮ್ಮ ಮುಖದ ಮೇಲೇ ಮುಚ್ಚಿಕೊಂಡವು. ಜೀವಮಾನದಲ್ಲಿ ಅಷ್ಟು ಅವಮಾನ ಅಷ್ಟು ಖುಷಿ ಕೊಟ್ಟದ್ದಿಲ್ಲ. ಮಾಂಸದಂಗಡಿಯವನು ಕೂಡ "ಗೊತ್ತಲ್ಲ, ಹೋಗು" ಅಂದ. ಬೆರಿಲ್ ಅವನ ಜೇಬಿನ ಕಡೆ ಒಮ್ಮೆ ನೋಡಿ ಟಿಕ್ ಹಾಕಿದಳು.

ಇಪ್ಪತ್ತೇಳಕ್ಕೆ ಬಂದೆವು. ಆಕೆ ರಿಬ್ಬನ್ ಹೂವು ಸರಿಮಾಡಿಕೊಂಡಳು, ಬಾಗಿಲು ತಟ್ಟಿದಳು. ಹೆರಾಲ್ಡ್ ಈಗ ಕೋಲು ಹಿಡಿದಿದ್ದ. ಬಾಗಿಲನ್ನು ಅರ್ಧ ತೆರೆದ.

"ನಮಸ್ಕಾರ, ಮಿಸ್ಟರ್ ಎಂಟ್‌ವಿಸಲ್" ಎಂದು ಆಕೆ ಶುರು ಮಾಡಿದಳು.

"ನಮ್ದು ಗೊತ್ತಲ್ಲ" ಅಂದ ಹೆರಾಲ್ಡ್. "ಇಲ್ಲಿ ಯಾಕ್ ಟೈಮ್ ಹಾಳು ಮಾಡ್ತೀಯ? ಮುಂದಿನ್ ಮನೆ ನೋಡು ಹೋಗು."

ಬಾಗಿಲು ದಢಾರನೆ ಮುಚ್ಚಿತು. ಒಳಗೆ ಚಿಲಕ ಹಾಕಿದ್ದೂ ಕೇಳಿಸಿತು.

ಬೆರಿಲ್ ಆ ಮುಚ್ಚಿದ ಬಾಗಿಲಿನ ಮುಂದೆ ನಿಂತೇ ಇದ್ದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಪಟ್ಟಿಯನ್ನು ಬಾಗಿಲಿಗೆ ಒತ್ತಿ ಹಿಡಿದು ಹೆರಾಲ್ಡ್ ಹೆಸರಿನ ಮುಂದೆ ಟಿಕ್ ಹಾಕಿದಳು, ತಾರೀಕು ಬರೆದಳು. ಗೆದ್ದೆವು ಅಂತ ನನಗೆ ಗೊತ್ತಾದದ್ದು ಆಗಲೇ, ಓಟಿಗೆ ಹದಿನಾರು ದಿನ ಮೊದಲು. ಆಕೆಯನ್ನು ನಗಿಸಲು ತಮಾಷೆಗೆ ಕೈ ಹಾಕಿದೆ. ಪೆನ್ಸಿಲನ್ನು ಆಕೆಯ ಕೈಯಿಂದ ತೆಗೆದುಕೊಂಡು, ಪಟ್ಟಿಯಲ್ಲಿ ಅವನ ಹೆಸರಿನ ಮೇಲಿದ್ದ ಹೆಸರು ತೋರಿಸಿದೆ. ಅಲ್ಲಿ ಏನೂ ಗುರುತಿರಲಿಲ್ಲ.

"ಇದೊಂದು ಉಳ್ಕೊಂಡಿದೆ. ಎಂಟ್‌ವಿಸಲ್, ಬೆರಿಲ್. ಕೇಳದೆ ಹಾಕೋ ಹಾಗಿಲ್ಲ ಅಂತ ನಿಯಮ ಮಾಡಿದ್ದು ನೀನೇ. ಈ ಸಲ ನಮ್ಮ ಅಭ್ಯರ್ಥಿಗೆ ನಿಮ್ಮ ಓಟಿದೆ ಅಂತ ನಂಬ್ಕೋಬಹುದಾ, ಮಿಸೆಸ್ ಎಂಟ್‌ವಿಸಲ್?"

ಆಕೆ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ನನ್ನ ಮುಖ ನೋಡಿದಳು, ಎದೆಯ ಮೇಲಿನ ರಿಬ್ಬನ್ ಹೂವನ್ನು ನೋಡಿಕೊಂಡಳು, ಕೋಟಿನ ಗುಂಡಿ ಬಿಚ್ಚಿದಳು.

"ಹಿಂದಿನ್ ಬಾಗ್ಲಿಂದ ಬಾ ಸ್ಟಾನ್" ಅಂದಳು. "ಟೀ ಮಾಡ್ತೀನಿ."

ನಾನು ಆ ಹೆಸರಿನ ಮುಂದೆ ಏನೂ ಬರೆಯದೆ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು ಆಕೆಯ ಹಿಂದೆ ಹೋದೆ.